ಬೋರಿ ಅತ್ತೆ ನನ್ನ ಕೈಗೆ ಕೊಟ್ಟ ಚಾಕು

ನಾನು ಹಂದಿ ಕೊಯ್ಯುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ನಾಚಿಕೆಗೇಡಿಗೆಲ್ಲ ಈ ಕಸುಬಿನ ಜಂಬವೇ ಮೂಲ. ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಮೂವತ್ತು ಚಳಿಗಾಲ ಆ ಮನೆಗಳ ಹಂದಿಗಳೆಲ್ಲ ನನ್ನ ಕೈಯಲ್ಲೇ ಹೋಗಿವೆ. ಯಾರ ಹಂದಿ ಜೋಳ ತಿಂದು ಬೆಳೆದದ್ದು, ಯಾರದು ಬರೀ ಮುಸುರೆಯಲ್ಲಿ ಬೆಳೆದದ್ದು ಅಂತ ನೆಣ ಮುಟ್ಟಿ ಹೇಳಬಲ್ಲೆ. ಹೇಳಬಲ್ಲೆ ಎಂದು ಊರೆಲ್ಲ ಹೇಳಿಕೊಂಡೂ ತಿರುಗಿದ್ದೇನೆ.

ಬೋರಿ ಅತ್ತೆ ನನಗೆ ರಕ್ತಸಂಬಂಧಿಯಲ್ಲ, ಇಡೀ ಬೀದಿಗೆ ಅತ್ತೆ. ತಿಸಾ ನದಿಯ ಆಚೆಯಿಂದ ಮದುವೆಯಾಗಿ ಬಂದವಳು. ಆಳು ಗಿಡ್ಡ, ಮಾತು ಉದ್ದ. ಇಪ್ಪತ್ತಾರು ವರ್ಷ ಸಹಕಾರಿ ಫಾರ್ಮಿನಲ್ಲಿ ಹಂದಿಗಳ ಹೆರಿಗೆ ಕೊಟ್ಟಿಗೆ ನೋಡಿಕೊಂಡಳು. ಉಸಿರು ಕಟ್ಟಿ ಹುಟ್ಟಿದ ಮರಿಗಳನ್ನು ತನ್ನ ಬಾಯಿಂದ ಊದಿ ಬದುಕಿಸಿದ್ದಾಳೆ ಎನ್ನುತ್ತಾರೆ, ನಾನು ನೋಡಿಲ್ಲ. ಮನೆಯಲ್ಲೂ ವರ್ಷಕ್ಕೊಂದು ಸಾಕುತ್ತಿದ್ದಳು. ಅದನ್ನು ಕೊಯ್ಯುವ ದಿನ ಮಾತ್ರ ಅಂಗಳಕ್ಕೆ ತಲೆ ಹಾಕುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಒಂದು ಬುಟ್ಟಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಗಂಡ ವಿಂತ್ಸೆ ನನ್ನ ಲೋಟಕ್ಕೆ ಪ್ಲಮ್ ಸಾರಾಯಿ ಬಗ್ಗಿಸುತ್ತ, “ನೋಡಯ್ಯ ಅಂಬ್ರುಶ್, ಅಳೋಕೂ ಒಂದು ನೆಪ ಬೇಕು ಇವಳಿಗೆ. ಇಷ್ಟು ಈರುಳ್ಳಿ ನಾವು ಯಾವಾಗ ತಿನ್ನೋದು?” ಎಂದು ನಗುತ್ತಿದ್ದ.

ಆದರೆ ಮಾಂಸ ಅವಳ ಕೈಗೆ ಬಂತೆಂದರೆ ಬೀದಿಯ ಬಾಕಿ ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನೋಡಬೇಕು. ನನ್ನ ಹೆಂಡತಿ ಎತೆಲ್ಕಾಗೆ ರೋಸ್ಟ್ ಕಲಿಸಿದವಳು ಅವಳೇ. ಭುಜದ ತುಂಡು ಆರಿಸಬೇಕು, ತೊಗಲು ಇರಬೇಕು, ಮಾಂಸದ ನಡುವೆ ನೆಣದ ಗೆರೆ ಓಡಿರಬೇಕು. ಮೊದಲ ಒಂದು ಗಂಟೆ ತೊಗಲನ್ನು ಕೆಳಗೆ ಮಾಡಿ ಸ್ವಲ್ಪ ನೀರಿನಲ್ಲಿ ಬೇಯಿಸಬೇಕು, ಆಮೇಲೆ ತಿರುಗಿಸಿ ತೊಗಲನ್ನು ಚೌಕಚೌಕವಾಗಿ ಗೀರಬೇಕು. ಗೀರು ಮಾಂಸಕ್ಕೆ ತಾಗಿದರೆ ರಸ ಸೋರಿಹೋಗುತ್ತದೆ. ಬೆಳ್ಳುಳ್ಳಿ, ಶಾಜೀರಿಗೆ, ಉಪ್ಪು, ಅಷ್ಟೇ. “ಮೆಣಸಿನಪುಡಿ ಹಾಕಿದ್ಯೋ, ನಿನ್ನ ಮನೆಗೆ ನಾನು ಕಾಲಿಡಲ್ಲ” ಎಂದು ಎತೆಲ್ಕಾಗೆ ಗದರಿಸಿದ್ದಳಂತೆ.

ನಮ್ಮಲ್ಲಿ ಹಂದಿ ಕೊಯ್ದ ಮನೆಯವರು ಅಕ್ಕಪಕ್ಕದವರಿಗೆ ಒಂದು ತಟ್ಟೆ ರುಚಿಗೆ ಕಳಿಸಬೇಕು: ಸಾಸೇಜು, ಒಂದು ತುಂಡು ಹಸಿ ಮಾಂಸ, ಒಂದು ತುಂಡು ರೋಸ್ಟ್, ಮೇಲೆ ಬಿಳಿ ಬಟ್ಟೆ. ಅವರು ಕೊಯ್ದಾಗ ಅಲ್ಲಿಂದ ತಟ್ಟೆ ಬರಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಶುರುವಾದ ಪದ್ಧತಿ ಇರಬೇಕು, ಈಗ ಎಲ್ಲರ ಮನೆಯಲ್ಲೂ ಫ್ರೀಜರ್ ತುಂಬಿ ತುಳುಕುತ್ತಿದ್ದರೂ ತಟ್ಟೆ ನಿಂತಿಲ್ಲ. ತಟ್ಟೆ ಬಂದಿಲ್ಲ ಎಂದರೆ ಮಾತು ಬಿಟ್ಟಿದ್ದಾರೆ ಎಂದು ಅರ್ಥ.

ವಿಂತ್ಸೆ ಹೋದ. ಅದರ ಹಿಂದೆಯೇ ಬೋರಿ ಅತ್ತೆಯ ಸೊಂಟವೂ ಹೋಯಿತು. ಬಕೆಟ್ ಎತ್ತಲಾಗದವಳು ಹಂದಿ ಸಾಕುವುದೆಲ್ಲಿ ಬಂತು? ಹಂದಿಗೂಡಿನಲ್ಲಿ ದ್ರಾಕ್ಷಿ ಬಳ್ಳಿಯ ಗೂಟಗಳು ತುಂಬಿಕೊಂಡವು. ಐದು ಚಳಿಗಾಲ ಅಕ್ಕಪಕ್ಕದ ಐದು ಮನೆಯಿಂದ ಅವಳಿಗೆ ತಟ್ಟೆ ಹೋಯಿತು. ಅವಳು ಅದೇ ತಟ್ಟೆಯಲ್ಲಿ ಅಕ್ರೋಟು, ಪ್ಲಮ್ ಜಾಮ್ ಇಟ್ಟು ವಾಪಸ್ ಕಳಿಸುತ್ತಿದ್ದಳು. ಯಾರೂ ಏನೂ ಅಂದುಕೊಳ್ಳಲಿಲ್ಲ. ಅಂದುಕೊಂಡವಳು ಅವಳೊಬ್ಬಳೇ. “ಮಾಂಸಕ್ಕೆ ಜಾಮ್ ಕೊಟ್ಟು ಎಷ್ಟು ವರ್ಷ ಅಂತ ಮುಖ ಉಳಿಸ್ಕೊಳ್ಳೋದು ಎತೆಲ್ಕಾ? ಭಿಕ್ಷೆ ಅನ್ನಿಸುತ್ತೆ ಕಣೇ” ಎಂದಿದ್ದಳಂತೆ ಒಮ್ಮೆ.

ಆರನೇ ಚಳಿಗಾಲ, ಡಿಸೆಂಬರ್ ಮೊದಲ ವಾರ, ಕೋಲೂರಿಕೊಂಡು ಐದೂ ಮನೆಗೆ ಬಂದಳು. ನಮ್ಮ ಬಾಗಿಲಲ್ಲಿ ನಿಂತು, “ಹೋದ ವಾರ ಆಂದ್ರಾಶ್ ಹಬ್ಬದ ದಿನ ನಮ್ಮಕ್ಕ ಹಂದಿ ಕೊಯ್ಸಿದ್ಲು ಕಣಯ್ಯ. ನನಗೊಂದು ಭುಜ ಕಳ್ಸಿದ್ದಾಳೆ. ಭಾನುವಾರ ನನ್ನ ಹೆಸರಿನ ಸಂತಳ ದಿನ, ಅದರ ಊಟ. ಗಂಡ ಹೆಂಡ್ತಿ ಇಬ್ರೂ ಬರ್ಬೇಕು. ಹೊಟ್ಟೆ ಖಾಲಿ ಇಟ್ಕೊಂಡು ಬಾ” ಎಂದಳು. ಕೆನ್ನೆ ಕೆಂಪಾಗಿತ್ತು. ಚಳಿಗೆ ಎಂದುಕೊಂಡೆ.

ಶನಿವಾರ ಬೆಳಗ್ಗೆ ಅವಳ ಅಂಗಳದಿಂದ ಗೋಧಿ ಹುಲ್ಲಿನ ಹೊಗೆ ಎದ್ದದ್ದನ್ನು ನಾನು ನೋಡಿದೆ. ಕಸ ಸುಡುತ್ತಿದ್ದಾಳೆ ಎಂದುಕೊಂಡೆ. ನೆಣ ಮುಟ್ಟಿ ಹಂದಿಯ ಜಾತಕ ಹೇಳುವ ಮಹಾಶಯನಿಗೆ ಅಷ್ಟೇ ಹೊಳೆದದ್ದು.

ಭಾನುವಾರ ಹತ್ತು ಜನ ಮೇಜಿನ ಸುತ್ತ ಒತ್ತಿಕೊಂಡು ಕೂತೆವು. ಸಾರು ಮುಗಿಯಿತು. ಬೋರಿ ಅತ್ತೆ ರೋಸ್ಟಿನ ತಟ್ಟೆ ಹೊತ್ತು ತಂದಳು, ಎತೆಲ್ಕಾ ಏಳಹೋದರೆ ಕೈಸನ್ನೆಯಲ್ಲೇ ಕೂರಿಸಿದಳು. ಆ ತೊಗಲು! ಜೇನಿನ ಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಉಬ್ಬಿತ್ತು. ಕೋಣೆಯಲ್ಲಿ ಐದು ನಿಮಿಷ ಯಾರೂ ರಾಜಕೀಯ ಮಾತಾಡಲಿಲ್ಲ, ನಮ್ಮ ಬೀದಿಯಲ್ಲಿ ಅದು ದೊಡ್ಡ ಮಾತು.

ಹಂದಿ ಕೊಯ್ಯುವವನು ಪಂಕ್ತಿಯಲ್ಲಿದ್ದರೆ ರೋಸ್ಟಿಗೆ ಚಾಕು ಹಾಕುವ ಗೌರವ ಅವನದು. ಅವಳು ವಿಂತ್ಸೆಯ ಚಾಕು ತಂದಳು. ಏಪ್ರನ್ನಿಗೆ ಒರೆಸಿ, ಹಿಡಿ ನನ್ನ ಕಡೆ ಮಾಡಿ ಕೊಟ್ಟಳು.

“ನೀನೇ ಹಾಕಪ್ಪ ಅಂಬ್ರುಶ್. ಅವರಿದ್ದಿದ್ರೂ ನಿನಗೇ ಕೊಡ್ತಿದ್ರು.”

ಕೊಯ್ದೆ. ಕರಕರ ಎಂದಿತು. ಎರಡು ಹೋಳು, ಮೂರು ಹೋಳು. ಮೂಳೆಯ ಕಡೆ ತೊಗಲು ಮಡಚಿಕೊಂಡ ಜಾಗವನ್ನು ಬಿಡಿಸಿದಾಗ ಅಲ್ಲಿ ನೇರಳೆ ಬಣ್ಣ ಕಂಡಿತು. ಅರ್ಧ ಅಳಿದ ವೃತ್ತ, ಒಳಗೆ ನಾಲ್ಕು, ಏಳು ಎಂಬ ಅಂಕಿ.

ಮನೆಯಲ್ಲಿ ಕೊಯ್ದ ಹಂದಿಯನ್ನು ನಾವು ಹುಲ್ಲಿನ ಬೆಂಕಿಯಲ್ಲಿ ಸುಟ್ಟು ಕೆರೆಯುತ್ತೇವೆ, ತೊಗಲಿಗೆ ಆ ಹೊಗೆಯ ವಾಸನೆ ಅಂಟಿರುತ್ತದೆ. ಅದರ ಮೈಮೇಲೆ ಯಾವ ಗುರುತೂ ಇರುವುದಿಲ್ಲ. ಸೀಲು ಇರುವುದು ಕಸಾಯಿಖಾನೆಯ ಹಂದಿಗೆ, ತಪಾಸಣೆಯವರು ಒತ್ತಿದ್ದು. ಇದು ಅಂಗಡಿಯ ಮಾಂಸ ಎಂದು ನನಗೆ ಕ್ಷಣದಲ್ಲಿ ಗೊತ್ತಾಯಿತು. ಗೊತ್ತಾದದ್ದನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ.

ಆ ಹೋಳನ್ನು ಫೋರ್ಕಿಗೆ ಚುಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

“ಬೋರಿ ಅತ್ತೆ, ನಿಮ್ಮಕ್ಕನ ಹಂದಿ ಓದು ಬರಹ ಕಲ್ತಿದೆಯಲ್ರೀ! ನೋಡಿ, ಮೈಮೇಲೆ ಲೆಕ್ಕ ಬರ್ಕೊಂಡಿದೆ!”

ನನ್ನ ಎದುರು ಕೂತಿದ್ದ ದೆಜೋ, ಮೂಲೆಮನೆಯವನು, ತಡೆದುಕೊಳ್ಳಲಿಲ್ಲ. “ಯಾವ ಸ್ಕೂಲಂತೆ?”

“ಸರ್ಕಾರಿ ಸ್ಕೂಲೇ ಕಣೋ. ಪಾಸ್ ಅಂತ ಸೀಲ್ ಒತ್ತಿ ಕಳ್ಸಿದ್ದಾರೆ!”

ಗಂಡಸರೆಲ್ಲ ಮೇಜು ಕುಟ್ಟಿ ನಕ್ಕೆವು. ಬೋರಿ ಅತ್ತೆಯೂ ನಕ್ಕಳು. ಈಗಲೂ ನನ್ನನ್ನು ಚುಚ್ಚುವುದು ಅದೇ, ಅವಳೂ ನಕ್ಕದ್ದು. “ಹೌದಾ? ಕಣ್ಣು ಸರಿಯಾಗಿ ಕಾಣಲ್ಲ ನೋಡು ನನಗೆ” ಎಂದು ಯಾವುದಕ್ಕೂ ಹೊಂದದ ಮಾತು ಹೇಳಿ, ಉಪ್ಪಿನಕಾಯಿ ತರುತ್ತೇನೆ ಎಂದು ಒಳಗೆ ಹೋದಳು. ಉಪ್ಪಿನಕಾಯಿ ಮೇಜಿನ ಮೇಲೇ ಇತ್ತು.

ನಾನು ತಿಂದೆ. ನಾಲ್ಕು ಹೋಳು ತಿಂದೆ. ನನ್ನ ಜನ್ಮದಲ್ಲಿ ಅಂಥ ರೋಸ್ಟ್ ತಿಂದಿಲ್ಲ. ಹೋಳು ಬಾಯಲ್ಲಿ ಕರಗುತ್ತಿತ್ತು, ತೊಗಲಿಗೆ ಹುಲ್ಲಿನ ಹೊಗೆಯ ವಾಸನೆ ಕೂಡ ಇತ್ತು. ಅಂಗಡಿಯ ತೊಗಲಿಗೆ ಅದು ಹೇಗೆ ಬಂತು ಎಂದು ಕೇಳಿಕೊಳ್ಳದಷ್ಟು ನನ್ನ ಜೋಕು ನನಗೆ ಸಿಹಿಯಾಗಿತ್ತು. ಐದನೇ ಹೋಳಿಗೆ ಕೈಚಾಚಿದಾಗ ಅಡುಗೆಮನೆಯ ಅರೆತೆರೆದ ಬಾಗಿಲಿನಿಂದ ಒಳಗೆ ಕಣ್ಣು ಹೋಯಿತು. ಬೋರಿ ಅತ್ತೆ ನಮಗೆ ಬೆನ್ನು ಹಾಕಿ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಊಟ ಮುಗಿಯುವ ಹೊತ್ತಿಗೆ ಯಾರು ಈರುಳ್ಳಿ ಹೆಚ್ಚುತ್ತಾರೆ?

ಕೈ ಹಿಂದಕ್ಕೆ ಬಂತು.

ಮನೆಗೆ ಬಂದು ನಮ್ಮ ಗೇಟು ಮುಚ್ಚಿದ ಮೇಲೆ ಎತೆಲ್ಕಾ ಶುರು ಮಾಡಿದಳು.

“ನಿನ್ನ ಎಲುಬಿಲ್ಲದ ನಾಲಿಗೆಗೆ ಬೆಂಕಿ ಬೀಳ. ನಿನಗೊಬ್ಬನಿಗೇ ಗೊತ್ತಾಯ್ತು ಅಂದ್ಕೊಂಡ್ಯಾ? ಹೆಂಗಸರಿಗೆಲ್ಲ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಗುರುವಾರ ಸೆಂತೆಶ್ ಪೇಟೆಯಿಂದ ಬರೋ ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತಿದ್ಲು. ಮಾಂಸದಂಗಡಿಯವಳು ಏಳು ಭುಜ ತೆಗೆದು ತೋರಿಸಿದಾಳೆ ಇವಳಿಗೆ. ಒಂದೊಂದನ್ನೂ ಒತ್ತಿ, ಮೂಸಿ, ನೆಣ ನೋಡಿ, ಏಳನೇದನ್ನ ತಗೊಂಡ್ಲು. ಆ ಸೊಂಟ ಇಟ್ಕೊಂಡು ಬಸ್ ಸ್ಟಾಪಿಂದ ಹೊತ್ಕೊಂಡು ಬಂದ್ಲು, ನಾನು ಹಿಡ್ಕೋತೀನಿ ಅಂದ್ರೆ ಕೊಡ್ಲಿಲ್ಲ. ವಿಂತ್ಸೆಯ ರೇಜರಲ್ಲಿ ಸೀಲು ಕೆರೆದಿದ್ದಾಳೆ. ಅಂಗಳದಲ್ಲಿ ಮಂಡಿಯೂರಿ ಹುಲ್ಲು ಹಚ್ಚಿ ತೊಗಲು ಸುಟ್ಟಿದ್ದಾಳೆ, ಮನೆ ಹಂದಿ ಥರ ಕಾಣ್ಲಿ ಅಂತ. ನಿಮಗೋಸ್ಕರ ಕಣಯ್ಯ! ಆ ಹೋಳನ್ನ ಮಗುಚಿ ನಿನ್ನ ತಟ್ಟೆಗೇ ಹಾಕ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಏನೂ ಹೋಗುತ್ತಿರಲಿಲ್ಲ. ಚಾಕು ನನ್ನ ಕೈಯಲ್ಲೇ ಇತ್ತು. ಮರ್ಯಾದೆ ಮಾಡಲೆಂದು ಅವಳೇ ಕೊಟ್ಟ ಚಾಕಿನಿಂದ ಅವಳ ಮರ್ಯಾದೆಯನ್ನೇ ಕೊಯ್ದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದೇ ಆಯಿತು.

ಜನವರಿಯಲ್ಲಿ ನಮ್ಮ ಹಂದಿ ಕೊಯ್ದೆವು. ತಟ್ಟೆ ನಾನೇ ಹೊತ್ತುಕೊಂಡು ಹೋದೆ, ಎಂದಿಗಿಂತ ದೊಡ್ಡ ತಟ್ಟೆ. ಬೋರಿ ಅತ್ತೆ ಗೇಟಿನವರೆಗೆ ಬಂದಳು, ಚಿಲಕ ಮಾತ್ರ ತೆಗೆಯಲಿಲ್ಲ.

“ತಗೊಂಡು ಹೋಗಪ್ಪ. ವಾಪಸ್ ಕೊಡೋಕೆ ನನ್ನ ಹತ್ರ ಏನಿದೆ?” ಕೋಪವಿಲ್ಲದ ದನಿ. ಕೋಪವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬಾಕಿ ನಾಲ್ಕು ಮನೆಯ ತಟ್ಟೆಗಳಿಗೂ ಅದೇ ಉತ್ತರ. ದೆಜೋ ನನ್ನ ಹತ್ತಿರ ಬಂದು, “ನಾವು ಬರೀ ನಕ್ಕಿದ್ದು ಮಾರಾಯ, ಹೇಳಿದ್ದು ನೀನು” ಎಂದು ಕೈತೊಳೆದುಕೊಂಡ. ನಿಜವೇ. ಬೀದಿಯಲ್ಲಿ ಎದುರಾದರೆ ಅವಳು ಚಳಿ, ಮಳೆ, ಬಸ್ಸು ಎಂದು ಮಾತಾಡುತ್ತಿದ್ದಳು. ಮೊದಲಿನಂತೆ ಬೈಯುತ್ತಿರಲಿಲ್ಲ. ವರ್ಷವಿಡೀ ಅವಳು ನನ್ನನ್ನು ಒಮ್ಮೆಯೂ ಬೈಯಲಿಲ್ಲ.

ಮರುವರ್ಷದ ಹಂದಿ ಕೊಯ್ದ ದಿನ ನಾನು ತಟ್ಟೆಯನ್ನೂ ಬಟ್ಟೆಯನ್ನೂ ಮನೆಯಲ್ಲೇ ಬಿಟ್ಟೆ. ಒಂದು ಹಸಿ ತುಂಡನ್ನು ಎರಡು ಕೈಯಲ್ಲಿ ಹಿಡಿದು ಅವಳ ಗೇಟಿನ ಮುಂದೆ ನಿಂತೆ. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು.

“ಅತ್ತೆ, ನಮ್ಮನೇಲಿ ಇದನ್ನ ಸರಿಯಾಗಿ ಮಾಡೋರಿಲ್ಲ. ನೀವು ಮಾಡಿಕೊಡಿ. ಕೆಲಸ ನಿಮ್ಮದು, ಮಾಂಸ ನಂದು. ಅರ್ಧ ಅರ್ಧ.”

ಅವಳು ಗೇಟಿನ ಮೇಲಿಂದ ಬಗ್ಗಿ ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಮೂಸಿದಳು.

“ಇದು ಹಿಂದೊಡೆ.”

“ಹೂಂ.”

“ಹಿಂದೊಡೆ ರೋಸ್ಟ್ ಮಾಡಿದ್ರೆ ಬೂಟಿನ ಅಟ್ಟೆ ಆಗುತ್ತೆ. ಮೂವತ್ತು ವರ್ಷ ಹಂದಿ ಕೊಯ್ದು ಇಷ್ಟು ಗೊತ್ತಿಲ್ವಾ ಕತ್ತೆ? ಹೋಗು, ಭುಜ ತಾ.”

ಕತ್ತೆ ಎಂದಳು! ನನ್ನ ಐವತ್ತೆಂಟನೇ ವಯಸ್ಸಿನಲ್ಲಿ ಬೀದಿಯುದ್ದಕ್ಕೂ ಓಡಿದೆ.

ಭುಜ ತಂದಾಗ ಗೇಟು ತೆರೆದಿತ್ತು. ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ನನ್ನ ಮುಂದೆ ಬೆಳ್ಳುಳ್ಳಿಯ ಗಡ್ಡೆಗಳನ್ನು ಸುರಿದಳು. ನಾನು ಸುಲಿದೆ. ಅವಳು ತೊಗಲು ಒರೆಸಿ, ನೀರು ಹಾಕಿ, ಓವನ್ನಿಗಿಟ್ಟಳು. ಒಂದು ಗಂಟೆಯ ಮೇಲೆ ತೆಗೆದು, ತಿರುಗಿಸಿ, ವಿಂತ್ಸೆಯ ಚಾಕಿನಿಂದ ಗೀರತೊಡಗಿದಳು. ಗೀರುತ್ತಲೇ, ತಲೆ ಎತ್ತದೆ ಮಾತಾಡಿದಳು.

“ಸೀಲು ನೋಡಿದ್ದು ತಪ್ಪಲ್ಲ. ಸುಳ್ಳು ಹೇಳಿದ್ದು ನಾನು. ನೀನು ಹೇಳದಿದ್ರೆ ಇನ್ಯಾರೋ ಹೇಳ್ತಿದ್ರು.”

ನಾನು ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡೆ.

“ಆದ್ರೆ ಮೂರು ಹೋಳು ತಿಂದೆ ನೀನು. ಒಳಗಿಂದ ಎಣಿಸ್ತಾ ಇದ್ದೆ.”

“ನಾಲ್ಕು” ಎಂದೆ.

“ನಾಲ್ಕು ತಿಂದೋನು ಚೆನ್ನಾಗಿದೆ ಅಂತ ಒಂದು ಮಾತು ಆಡ್ಬಹುದಿತ್ತು.”

ಚೆನ್ನಾಗಿತ್ತು ಅತ್ತೆ, ಅಂಥದ್ದು ನಾನು ತಿಂದೇ ಇಲ್ಲ. ಇಷ್ಟು ಹೇಳಬೇಕಿತ್ತು. ಊರಿಗೆಲ್ಲ ಕೇಳುವಂತೆ ಜೋಕು ಹೊಡೆದ ಬಾಯಿಗೆ ಆ ನಾಲ್ಕು ಮಾತು ಸಿಗಲಿಲ್ಲ. ಒಂದು ವರ್ಷ ತಡವಾಗಿ ಹೇಳಿದರೆ ಅದು ಹೊಗಳಿಕೆಯಾಗುವುದಿಲ್ಲ, ಸಮಾಧಾನವಾಗುತ್ತದೆ. ಅವಳಿಗೆ ಸಮಾಧಾನ ಬೇಕಿರಲಿಲ್ಲ. ಬೆಳ್ಳುಳ್ಳಿ ಸುಲಿದ ಕೈಯಿಂದ ಕಣ್ಣು ಒರೆಸಿಕೊಂಡೆ, ಇನ್ನೂ ಉರಿಯಿತು.

“ಅಳೋಕೆ ಈರುಳ್ಳಿನೇ ಒಳ್ಳೇದು” ಎಂದಳು ಬೋರಿ ಅತ್ತೆ.

ಸಂಜೆಯ ಹೊತ್ತಿಗೆ ರೋಸ್ಟ್ ಮೇಜಿಗೆ ಬಂತು. ಎತೆಲ್ಕಾ ಬಂದಿದ್ದಳು, ಮೂವರೇ ಕೂತೆವು. ತನ್ನ ಪಾಲಿನ ಅರ್ಧವನ್ನು ಐದು ಭಾಗ ಮಾಡಿ ಐದು ಮನೆಗೆ ತಟ್ಟೆ ಕಳಿಸಬೇಕು ಎಂದು ಬೋರಿ ಅತ್ತೆ ಆಗಲೇ ಬಿಳಿ ಬಟ್ಟೆಗಳನ್ನು ಇಸ್ತ್ರಿ ಮಾಡಿಟ್ಟಿದ್ದಳು. ಆ ವರ್ಷದಿಂದ ಪ್ರತಿ ಚಳಿಗಾಲವೂ ಹಾಗೇ ನಡೆದಿದೆ, ಅವಳ ತಟ್ಟೆ ಬೀದಿಯ ಸುತ್ತು ಹೊಡೆಯುತ್ತದೆ.

ತೊಗಲು ಉಬ್ಬಿ ಘಮಘಮ ಎನ್ನುತ್ತಿತ್ತು. ಮೂವತ್ತು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಚಾಕಿನ ಕಡೆ ಹೋಯಿತು. ಬೋರಿ ಅತ್ತೆ ಚಾಕನ್ನು ಎತ್ತಿಕೊಂಡು ತಾನೇ ಕೊಯ್ದಳು, ದೊಡ್ಡ ಹೋಳನ್ನು ನನ್ನ ತಟ್ಟೆಗೆ ಹಾಕಿದಳು, ಆಮೇಲೆ ಚಾಕನ್ನು ಒರೆಸಿ ತನ್ನ ಆಚೆ ಬದಿಗೆ, ನನ್ನ ಕೈಗೆ ಎಟುಕದ ಕಡೆ ಇಟ್ಟಳು. ಇವತ್ತಿಗೂ ಅಲ್ಲೇ ಇಡುತ್ತಾಳೆ.