ಮಗಳ ಕತ್ತಿನೊಳಗೆ ಹರಿದ ನಾಳ

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆಯಲ್ಲಿ ಖೋ ಖೋ ಆಡುವಾಗ ಇನ್ನೊಬ್ಬ ಹುಡುಗಿಗೆ ಡಿಕ್ಕಿ ಹೊಡೆದು ಬಿದ್ದಳು. ರಕ್ತ ಬರಲಿಲ್ಲ, ಊದಿಕೊಳ್ಳಲೂ ಇಲ್ಲ. ಸಂಜೆ ಮನೆಗೆ ಬಂದು ಎಡಗಡೆ ಕತ್ತು ನೋಯುತ್ತದೆ ಎಂದಳು. ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿದರು. ಮಾರನೆಯ ದಿನ ತಲೆನೋವು ಎಂದಳು. ಬಿದ್ದ ನೋವು, ಹೋಗುತ್ತದೆ ಎಂದುಕೊಂಡೆವು.

ಅದರ ಮರುದಿನ ಬೆಳಿಗ್ಗೆ ರೊಟ್ಟಿ ತಿನ್ನುತ್ತಿದ್ದವಳ ಬಲಗೈಯಿಂದ ತುತ್ತು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದಳು, ಬೆರಳು ಮಡಚಲಿಲ್ಲ. ನನ್ನನ್ನು ಕರೆಯಲು ಬಾಯಿ ತೆರೆದಳು, ಮಾತು ತೊದಲಿತು. ತುಟಿಯ ಒಂದು ತುದಿ ಜೋತುಬಿದ್ದಿತ್ತು. ಮಾವನಿಗೆ ಹೀಗೇ ಆಗಿದ್ದನ್ನು ನೋಡಿದ್ದ ಅತ್ತೆ, "ಲಕ್ವ ಹೊಡ್ದಂಗೈತಲ್ಲೇ ಮಗೀಗೆ!" ಎಂದು ಕೂಗಿಕೊಂಡರು.

ತೋಟದಲ್ಲಿ ತೆಂಗಿನಕಾಯಿ ಕೆಡವಿಸುತ್ತಿದ್ದ ಗಂಡ ಓಡಿಬಂದರು. ಪಕ್ಕದ ಮನೆಯವರ ಕಾರಿನಲ್ಲಿ ತಿಪಟೂರಿಗೆ ಹೋದೆವು. ಅಲ್ಲಿನ ಡಾಕ್ಟರು ಮಗಳ ಕೈಕಾಲು ಎತ್ತಿಸಿ ನೋಡಿ, ತಡಮಾಡಬೇಡಿ, ಬೆಂಗಳೂರಿಗೆ ಹೊರಡಿ ಎಂದು ಆಂಬ್ಯುಲೆನ್ಸ್ ಹತ್ತಿಸಿದರು. ದಾರಿಯುದ್ದಕ್ಕೂ ಗಂಡ ಅಳುತ್ತಿದ್ದರು. ನಾನು ಒಲೆಯ ಮೇಲಿದ್ದ ಹಾಲು ಇಳಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಮಗಳ ಕೈ ಹಿಡಿದಿದ್ದೆ. ಅದು ನನ್ನ ಕೈ ಹಿಡಿಯುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಹೇಳಿದರು. "ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯೋ ದೊಡ್ಡ ನಾಳ ಇದೆ. ಅದರ ಒಳಪದರ ಹರಿದಿದೆ. ಹರಿದ ಕಡೆ ರಕ್ತ ನುಗ್ಗಿ ನಾಳ ಕಿರಿದಾಗಿದೆ. ಅಲ್ಲೇ ಹೆಪ್ಪುಗಟ್ಟಿದ ಒಂದು ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಂಡಿದೆ."

"ಇಷ್ಟು ಚಿಕ್ಕೋರ್ಗೂ ಹಿಂಗಾಯ್ತದಾ ಮೇಡಂ?" ಎಂದರು ಗಂಡ.

"ಅಪರೂಪ. ಆದ್ರೆ ಆಗುತ್ತೆ."

"ಎಣ್ಣೆ ಹಚ್ಚಿದ್ವಿ. ಅದ್ರಿಂದೇನಾದ್ರೂ..." ಗಂಡ ಮತ್ತೆ ಕೇಳಿದರು.

"ಅದರಿಂದಲ್ಲ. ಬಿದ್ದಾಗ ಕತ್ತು ಜೋರಾಗಿ ತಿರುಗಿರಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗಲ್ಲ."

ಇನ್ನೇನಾದರೂ ಕೇಳುವುದಿದೆಯೇ ಎಂದು ಅವರು ನನ್ನ ಮುಖ ನೋಡಿದರು. ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

ರಕ್ತ ಹೆಪ್ಪುಗಟ್ಟದಂತೆ ಔಷಧಿ ಶುರುವಾಯಿತು. ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ನಾನು ಡಾಕ್ಟರಮ್ಮನ ಮಾತನ್ನೇ ಹೇಳುತ್ತಿದ್ದೆ. ಒಳಪದರ, ಹೆಪ್ಪು, ಮಿದುಳು. ಯಾರದೋ ಮಗುವಿನ ವಿಷಯ ಹೇಳಿದಂತೆ. ಬಿಳಿಗೆರೆಯಿಂದ ಬಂದ ನನ್ನ ದೊಡ್ಡಮ್ಮ, "ಗಟ್ಟಿಗಿತ್ತಿ ಕಣವ್ವ ನೀನು," ಎಂದರು. ಗಟ್ಟಿತನ ಏನೂ ಇರಲಿಲ್ಲ. ಹಸಿವೂ ಆಗುತ್ತಿರಲಿಲ್ಲ, ಭಯವೂ ಆಗುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದೆ, ಹಸು ಕರೆಯುತ್ತಿದ್ದೆ, ಅಷ್ಟೇ.

ಮಾತು ಬೇಗ ತಿರುಗಿ ಬಂತು. ಕೈಗೆ ವ್ಯಾಯಾಮ ಹೇಳಿಕೊಟ್ಟಿದ್ದರು. ಜಗಲಿಯಲ್ಲಿ ಕೂತು ಬಟ್ಟಲಿನಿಂದ ಹುಣಸೆಬೀಜ ಒಂದೊಂದಾಗಿ ಎತ್ತಿಡಬೇಕು. ಹಾಗೆ ಎತ್ತಿಡುತ್ತಲೇ ಒಂದು ಮಧ್ಯಾಹ್ನ ಕೇಳಿದಳು.

"ಅಪ್ಪ ಅವತ್ತು ಅಳ್ತಿತ್ತಲ್ಲ, ನೀನ್ಯಾಕಮ್ಮ ಅಳ್ಲಿಲ್ಲ?"

"ಗೊತ್ತಿಲ್ಲ ಕಣೇ. ಬರ್ಲೇ ಇಲ್ಲ."

"ನನ್ ಕೈಗೂ ಹಂಗೇ ಆಗಿತ್ತು. ಇದ್ರೂ ಇಲ್ದಂಗೆ," ಎಂದು ಇನ್ನೊಂದು ಬೀಜಕ್ಕೆ ಕೈ ಹಾಕಿದಳು.

ನಾನು ಎದ್ದು ಹಿತ್ತಲಿಗೆ ಹೋಗಿ ತೆಂಗಿನ ಮಟ್ಟೆ ರಾಶಿಯ ಪಕ್ಕ ನಿಂತೆ. ಅಲ್ಲೂ ಅಳು ಬರಲಿಲ್ಲ. ಅತ್ತೆ ಕರೆದರು, ಒಳಗೆ ಬಂದೆ.

ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ, ನಾಳ ಬಹುಮಟ್ಟಿಗೆ ಕೂಡಿಕೊಂಡಿದೆ ಎಂದರು. ಗಂಡ ಡಾಕ್ಟರಮ್ಮನಿಗೆ ಕೈಮುಗಿದರು. ನಾನು ಫಿಲ್ಮನ್ನು ಕವರಿಗೆ ಹಾಕಿದೆ. ಈಗ ಅವಳು ಆರನೇ ಕ್ಲಾಸು. ಮಾತ್ರೆ ಇನ್ನೂ ಇದೆ, ಡಿಕ್ಕಿಯಾಗುವ ಆಟ ಬೇಡ ಎಂದಿದ್ದಾರೆ. ಬಲಗೈಯಲ್ಲೇ ಬರೆಯುತ್ತಾಳೆ, ನಿಧಾನ. ಜಡೆ ಹೆಣೆದುಕೊಳ್ಳಲು ಬೆರಳಿಗೆ ಶಕ್ತಿ ಸಾಲದು, ಅದನ್ನು ಅತ್ತೆ ಹೆಣೆಯುತ್ತಾರೆ.