ಕೂತವನಿಗೆ ಸುಣ್ಣ

ತಿಪಟೂರಿನ ತೆಂಗು ಬೆಳೆಗಾರರ ಸಂಘವೊಂದರ ಆಫೀಸಿನಲ್ಲಿ ನಾನು ಗುಡಿಸುವವಳು. ಆ ದಿನ ಕಸ ಗುಡಿಸಲು ಹೋದರೆ, ಎಲೆಕ್ಟ್ರಿಷಿಯನ್ನು ಏಣಿ ಹತ್ತಿ ಸೂರಿಗೆ ಬಿಳಿ ಬಿಲ್ಲೆಯೊಂದನ್ನು ಕೂರಿಸುತ್ತಿದ್ದ. ಏನಪ್ಪ ಅದು ಅಂತ ಕೇಳಿದೆ.

"ಸೆನ್ಸಾರು ಕಣಜ್ಜಿ. ಇನ್ಮೇಲೆ ಸ್ವಿಚ್ಚೇ ಇರಲ್ಲ. ಆಳು ಬಂದ್ರೆ ದೀಪ ಹತ್ತುತ್ತೆ, ಆಳು ಹೋದ್ರೆ ಆರುತ್ತೆ. ಕರೆಂಟ್ ಉಳೀತದೆ."

"ಅದುಕ್ಕೆ ಕಣ್ಣೈತಾ?"

"ಕಣ್ಣೇ ಅನ್ಕೋ."

ಒಳ್ಳೆಯದೇ ಅಂದುಕೊಂಡೆ. ಯಾರೂ ಇಲ್ಲದ ಮೀಟಿಂಗ್ ಹಾಲಿನಲ್ಲಿ ಹಗಲೆಲ್ಲ ಟ್ಯೂಬ್‌ಲೈಟು ಉರಿಯುವುದನ್ನು ಕಂಡು ನನ್ನ ಹೊಟ್ಟೆಯೂ ಉರಿದಿತ್ತು. ಆದರೆ ಹಿಂದಿನ ಕೋಣೆಯಲ್ಲಿ ಗುಮಾಸ್ತ ಮರುಳಸಿದ್ದಯ್ಯ ಕೂರುತ್ತಿದ್ದನಲ್ಲ, ಅವನನ್ನು ಯಾರೂ ನೆನೆಯಲಿಲ್ಲ.

ಹಂದನಕೆರೆಯವನು. ಒಂದು ಕಾಲಕ್ಕೆ ಕೊಬ್ಬರಿ ಚೀಲವನ್ನು ತಾನೇ ಹೆಗಲಿಗೆತ್ತಿಕೊಂಡು, "ಹಮಾಲಿ ಬರೋಗಂಟ ಕಾಯಕ್ಕೆ ನಾನೇನು ಹೆಣವಾ" ಅನ್ನುತ್ತಿದ್ದ. ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯುವುದನ್ನು ಮಗುವಿನ ಹಾಗೆ ಕಲಿತ. ಹೆಂಡತಿ ಅಂಗಿಯ ಗುಂಡಿ ಹಾಕಿ ಬಸ್ಸು ಹತ್ತಿಸುತ್ತಿದ್ದಳು. ಆ ಕುರ್ಚಿಯೊಂದೇ ಅವನಿಗೆ ಉಳಿದ ಮರ್ಯಾದೆ. ತೂಕದ ಚೀಟಿ ನೋಡಿಕೊಂಡು ಬರೆಯುತ್ತ ಕೂತರೆ ಬೆರಳು ಬಿಟ್ಟು ಇನ್ನೇನೂ ಅಲುಗುತ್ತಿರಲಿಲ್ಲ. ಕಿಟಕಿಗೆ ಅಡ್ಡವಾಗಿ ಚೀಲ ಒಟ್ಟಿದ್ದರು. ದೀಪ ಆರಿದರೆ ಹಗಲೇ ಕತ್ತಲೆ.

ಅಲುಗಾಟ ಕಂಡರಷ್ಟೇ ಆ ಬಿಲ್ಲೆಯ ಕಣ್ಣಿಗೆ ಆಳು ಇದ್ದ ಲೆಕ್ಕ. ದಿನವೂ ಆರಿತು. ಆರಿದಾಗಲೆಲ್ಲ ಪೆನ್ನು ಬಿಟ್ಟು, ಬರೆಯುವ ಕೈಯನ್ನೇ ಎತ್ತಿ ಆಡಿಸಬೇಕು. ನಾನು ಆ ಕಡೆ ಹೋದಾಗ ಬಾಗಿಲಲ್ಲಿ ನಿಂತು ಪೊರಕೆ ಬೀಸುತ್ತಿದ್ದೆ. ದೀಪ ಹತ್ತುತ್ತಿತ್ತು.

"ನನ್ ಕೈಗಿಂತ ನಿನ್ ಪೊರಕೆಗೇ ಮರ್ವಾದೆ ಕಣಕ್ಕ" ಎಂದು ನಗುತ್ತಿದ್ದ.

ಒಂದು ಸ್ವಿಚ್ ಹಾಕಿಸಿಕೊಡಿ ಅಂತ ಸೆಕ್ರೆಟರಿ ಬಾಲರಾಜುವನ್ನು ಕೇಳಿದ. ಬಾಲರಾಜು ಮೊಬೈಲ್ ತೋರಿಸಿದ. ಆ ಬಿಲ್ಲೆ ಕಂಡ ಲೆಕ್ಕವೆಲ್ಲ ಅದರೊಳಕ್ಕೆ ಬರುತ್ತಿತ್ತಂತೆ.

"ಅರ್ಧ ದಿನ ಆ ರೂಮಲ್ಲಿ ಯಾರೂ ಇಲ್ಲ ಅಂತ ಇದ್ರಲ್ಲಿ ಬಂದೈತೆ. ಎಲ್ಲೋಗ್ತೀರಿ ಸಿದ್ದಯ್ಯನೋರೇ? ಇಲ್ಲ, ನಿದ್ದೆ ಹೊಡೀತೀರಾ? ಖಾಲಿ ರೂಮಿಗೆ ಗುಮಾಸ್ತ ಯಾಕೆ ಅಂತ ಅಧ್ಯಕ್ಷರು ಕೇಳ್ತಾವ್ರೆ."

ಅಲ್ಲೇ ಗುಡಿಸುತ್ತಿದ್ದ ನಾನು ಪೊರಕೆ ಕೆಳಗಿಟ್ಟೆ. "ಬಚ್ಚಲಿಗೆ ಹೋಗಕ್ಕೇ ಗೋಡೆ ಹಿಡಿಯೋನು ಎಲ್ಲಿಗೋದಾನು ಸಾ? ಎದ್ದು ಬಂದು ನೋಡಿ" ಅಂದೆ.

ಬಾಲರಾಜು ಬಂದ, ಅಧ್ಯಕ್ಷರನ್ನೂ ಕರೆದುಕೊಂಡು. ಮರುಳಸಿದ್ದಯ್ಯ ಕತ್ತಲಲ್ಲಿ ಪೆನ್ನು ಹಿಡಿದು ಕೂತಿದ್ದ. ಇವರು ಒಳಗೆ ಕಾಲಿಟ್ಟರು, ದೀಪ ಝಗ್ಗನೆ ಹತ್ತಿತು.

"ನೋಡಿ ಸಾರ್, ಸರಿಯಾಗೇ ಐತೆ" ಅಂದ ಬಾಲರಾಜು. ಅಧ್ಯಕ್ಷರು ತಲೆಯಾಡಿಸಿದರು. ಇಬ್ಬರೂ ಸೂರು ನೋಡಿದರು. ಕುರ್ಚಿ ನೋಡಲಿಲ್ಲ.

ಓಡಾಡುವವರಿಗೆ ಬೆಣ್ಣೆ, ಕೂತವನಿಗೆ ಸುಣ್ಣ. ಆ ಬಿಲ್ಲೆಗೆ ಏನು ಗೊತ್ತು, ಅದನ್ನು ಬಯ್ಯಲಾರೆ. ಇವರಿಗೆ ಹೆತ್ತ ತಾಯಿ ಕೊಟ್ಟ ಎರಡೆರಡು ಕಣ್ಣಿದ್ದವು. ಅವು ಎಲ್ಲಿ ಹೋಗಿದ್ದವು?

ಆ ವಾರವೇ ಅವನಿಗೆ ಮನೆಯಲ್ಲಿರಲು ಹೇಳಿದರು. ಹೊರಡುವಾಗ ಕುರ್ಚಿ ಬಿಟ್ಟು ಏಳಲು ನಾನೇ ರಟ್ಟೆ ಹಿಡಿದೆ. ಬಾಗಿಲ ಹತ್ತಿರ ನಿಂತು, ಕತ್ತೆತ್ತಿ ಸೂರಿನ ಬಿಲ್ಲೆಯನ್ನು ನೋಡಿದ. ಆಮೇಲೆ ನನ್ನ ಸೊಂಟದ ಎಲೆಅಡಿಕೆ ಚೀಲ ನೋಡಿದ.

"ಅಕ್ಕ, ಸುಣ್ಣದ ಡಬ್ಬಿ ಐತಾ? ಪೊರಕೆ ತುದೀಗೆ ಒಂಚೂರು ಹಚ್ಕೊಂಡು, ಆ ಕಣ್ಣಿಗೂ ಬಳಿದ್ಬುಡು."