ಅಜ್ಜಿಗೆ ಇನ್ನೊಬ್ಬ ಗಂಡ

ಈ ವಯಸ್ಸಿನಲ್ಲಿ ನಾನು ತಾತನನ್ನು ಕಳೆದುಕೊಂಡೆ. ತಾತ ತೀರಿಕೊಂಡು ಎಷ್ಟೋ ಕಾಲವಾಯಿತು, ಆ ನಷ್ಟ ಹಳೆಯದು. ಈಗ ಹೋದದ್ದು ಅವರು ನನ್ನ ತಾತ ಎಂಬ ಸಂಬಂಧ. ಅದನ್ನು ಕಳೆದುಹಾಕಿದವನು ಚಿಕ್ಕಪ್ಪನ ಮಗ, ಚಾಮರಾಜನಗರದ ಚಂದ್ರಪ್ಪ.

ನಿವೃತ್ತರಾದವರು ವಾಕಿಂಗ್ ಹೋಗುತ್ತಾರೆ, ಸೊಸೆಯ ಸಾರಿಗೆ ಉಪ್ಪು ಹೇಳುತ್ತಾರೆ. ಇವನು ವಂಶವೃಕ್ಷ ಬರೆಯಲು ಕುಳಿತ. ಅದು ನಿರುಪದ್ರವಿ ಸಸ್ಯವೆಂದು ನಂಬಿ ನಾನೇ ಗುಂಡ್ಲುಪೇಟೆಯಿಂದ ನಮ್ಮಪ್ಪನ ಶಾಲಾ ದಾಖಲೆ ಕಳಿಸಿದ್ದೆ. ಅದರಲ್ಲಿ ತಂದೆಯ ಹೆಸರು ‘ಹೂವಪ್ಪ’. ಚಿಕ್ಕಪ್ಪನ ದಾಖಲೆಯಲ್ಲಿ ‘ಮಲ್ಲಪ್ಪ’. ಓಲೆಗರಿಯಲ್ಲಿ ಹೀಗೆ ಎರಡು ಪದ ಬಂದರೆ ವಿದ್ವಾಂಸರು ‘ಪಾಠಾಂತರ’ ಎಂದು ಅಡಿಟಿಪ್ಪಣಿ ಹಾಕಿ ಸುಮ್ಮನಾಗುತ್ತಾರೆ. ಚಂದ್ರಪ್ಪ ನಮ್ಮ ಅಜ್ಜಿಗೆ ಇನ್ನೊಂದು ಮದುವೆಯನ್ನೇ ಮಾಡಿಬಿಟ್ಟ! ಮೊದಲ ಗಂಡ ಹೂವಪ್ಪ, ಅವನು ಸತ್ತ ಮೇಲೆ ಮಲ್ಲಪ್ಪ. ಅಜ್ಜಿ ನಿಜಕ್ಕೂ ಮತ್ತೆ ಮದುವೆಯಾಗಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ನೀವೇ ಹೇಳಿ, ಆಗದ ಮದುವೆಗೆ ನಮ್ಮಪ್ಪ ಹುಟ್ಟುವುದೆಂದರೇನು? ಮಲ್ಲಪ್ಪನ ಹೆಗಲ ಮೇಲೆ ಕೂತು ಸಂತೆಮರಹಳ್ಳಿ ಸಂತೆ ನೋಡಿದ ನಾನು ಯಾವನೋ ಹೂವಪ್ಪನ ಮೊಮ್ಮಗನೆ?

ಸುದ್ದಿ ತಿಳಿದ ಮರುದಿನವೇ ಬಸ್ಸು ಹತ್ತಿದೆ. ಹುಟ್ಟಿಯೇ ಇಲ್ಲದ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಚಂದ್ರಪ್ಪನ ಹಜಾರದಲ್ಲಿ ವೃಕ್ಷಕ್ಕೆ ಗಾಜಿನ ಕಟ್ಟು ಹಾಕಿಸಲಾಗಿತ್ತು. ನಾನು ಪಕ್ಕದ ಕೊಂಬೆಯೊಂದರಲ್ಲಿ ಬಾವಲಿಯಂತೆ ನೇತಾಡುತ್ತಿದ್ದೆ.

“ಬೇಜಾರ್ ಮಾಡ್ಕಬ್ಯಾಡ ಕಣಣ್ಣ. ನಾನೇಳ್ತಿಲ್ಲ, ದಾಖಲೆ ಏಳ್ತದ,” ಎಂದ.

“ದಾಖಲೆ ಅಜ್ಜಿ ಕೈಲಿ ಮುದ್ದೆ ತಿಂದಿತ್ತೇನ್ಲಾ?”

“ಮುದ್ದೆ ಪುರಾವೆ ಆದದಾ?”

ಅಷ್ಟರಲ್ಲಿ ಮನೆಮನೆಯ ಸಮೀಕ್ಷೆಗೆಂದು ಮೊಬೈಲ್ ಹಿಡಿದವರೊಬ್ಬರು ಬಾಗಿಲಿಗೆ ಬಂದು, ಚಂದ್ರಪ್ಪನ ಹೆಂಡತಿ ಮಾದೇವಮ್ಮನನ್ನು ಯಜಮಾನರ ಹೆಸರು ಕೇಳಿದರು. ಮಾದೇವಮ್ಮ ಸೆರಗು ಸರಿಮಾಡಿಕೊಂಡಳು.

“ರಾತ್ರಿ ಮೇಲ್ಗಡೆ ಬತ್ತನಲ್ಲಪ್ಪ, ಅವನೆಸ್ರೇ ಇವರ್ದೂವೆ.”

“ಯಾರಮ್ಮ, ಮೇಲಿನ ಮನೆ ಬಾಡಿಗೆಯವ್ರಾ?”

“ಅಯ್ಯೋ, ನಿನ್ ಬಾಯ್ಗೆ ಮಣ್ಣಾಕ! ಚಂದಮಾಮ ಕಣಪ್ಪ!”

“ಚಂದಮಾಮ,” ಎಂದು ಅವರು ಬೆರಳೊತ್ತಿದರು.

ಚಂದ್ರಪ್ಪ ತನ್ನ ಹೆಸರನ್ನು ತಾನೇ ಕೂಗುತ್ತ ಹೊರಗೆ ಓಡಿದ. “ಸಬ್ಮಿಟ್ ಆಗೋಯ್ತು ಸಾರ್, ಇನ್ನು ತಿದ್ದಕ್ಕಾಗಲ್ಲ,” ಎಂಬ ಉತ್ತರ ಒಳಗಿದ್ದ ನನಗೂ ಕೇಳಿಸಿತು.

ನನಗೆ ಅಜ್ಜಿ ನೆನಪಾದಳು. ಚಿಕ್ಕಂದಿನಲ್ಲಿ “ತಾತನ ಹೆಸರೇನಜ್ಜಿ?” ಎಂದು ಕಾಡಿದರೆ ಅಜ್ಜಿ ತುಟಿ ಬಿಚ್ಚದೆ ಮುಡಿದ ಮಲ್ಲಿಗೆ ಮುಟ್ಟಿ ತೋರಿಸುತ್ತಿದ್ದಳು, ನಾವು ‘ಮಲ್ಲಪ್ಪಾ!’ ಎಂದು ಕಿರುಚುತ್ತಿದ್ದೆವು. ಚಿಕ್ಕಪ್ಪನನ್ನು ಶಾಲೆಗೆ ಸೇರಿಸಿದ್ದು ತಾತ. ನಮ್ಮಪ್ಪನನ್ನು ಸೇರಿಸಿದ್ದು ಅಜ್ಜಿ. ಅವಳು ಮೇಷ್ಟರಿಗೆ ತೋರಿಸಿದ್ದು ಮಲ್ಲಿಗೆ. ಅವರು ಕಂಡದ್ದು ಬರೀ ಹೂವು.

ಇದನ್ನು ಹೇಳಿದಾಗ ಚಂದ್ರಪ್ಪ ವಾದಿಸಲಿಲ್ಲ, ಈಗತಾನೇ ಅನುಭವವಾಗಿತ್ತಲ್ಲ. “ತಗದ್ಬುಡ್ತೀನಿ ಬುಡಣ್ಣ ಆ ಹೂವಪ್ಪನ್ನ,” ಎಂದು ಗಾಜು ಬಿಚ್ಚಿ ಪೆನ್ನು ಎತ್ತಿದ.

“ತಡಿಲಾ,” ಎಂದೆ. ಅಜ್ಜಿ ಜೀವಮಾನದಲ್ಲಿ ಗಂಡನಿಗೊಂದು ಹೆಸರು ಬರೆಸಿದ್ದರೆ ಅದು ಇದೊಂದೇ. ‘ಮಲ್ಲಪ್ಪ ಉರುಫ್ ಹೂವಪ್ಪ’ ಎಂದು ಬರೆಸಿ, ತಾತನ ಕೊಂಬೆಗೆ ಮರಳಿದೆ.

ಆದರೂ ಸಿಟ್ಟು ಪೂರ್ತಿ ಇಳಿದಿಲ್ಲ. ‘ಚಂದ್ರಪ್ಪ ಉರುಫ್ ಚಂದಮಾಮ’ ಎಂದೂ ಬರೆಯಲೇಬೇಕೆಂದು ಪಟ್ಟು ಹಿಡಿದಿದ್ದೇನೆ. ನಾನು ಹೇಳುತ್ತಿಲ್ಲ, ದಾಖಲೆ ಹೇಳುತ್ತದೆ.